ನಿಕರಾಗುವಾದ ಗಡುಸು ಸಿಗಾರ್: ಕರಾವಳಿಯ ಹವೆಯಲ್ಲಿ ಹದ ಕೆಡದಂತೆ ಸವಿಯುವುದು

ಎಲೆಯ ಹದ ಎಂದರೇನೆಂದು ಮಂಗಳೂರು, ಉಡುಪಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲಷ್ಟೇ ಕತ್ತರಿ ಹಾಕುತ್ತಾರೆ. ಒಣಗಿದ್ದರೆ ಮಡಿಸುವಾಗ ಸೀಳುತ್ತದೆ, ನೀರು ಹೆಚ್ಚಾದರೆ ಕಟ್ಟಿದ ಬೀಡಿ ಉರಿಯುವುದಿಲ್ಲ. ಸಿಗಾರಿಗೂ ಇದೇ ನ್ಯಾಯ. ಸಿಗಾರ್ ಬಗ್ಗೆ ಸಿಗುವ ಬರಹಗಳೆಲ್ಲ ಹೆಚ್ಚಾಗಿ ಚಳಿ ಮತ್ತು ಒಣ ಹವೆಯ ಊರಿನವರದ್ದು. ಅಲ್ಲಿ ಎಲೆ ಒಣಗದಂತೆ ನೋಡಿಕೊಳ್ಳುವುದೇ ಚಿಂತೆ. ನಮ್ಮಲ್ಲಿ ಸಿಗಾರ್ ಕೆಡುವುದು ನೀರು ಕುಡಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ 85–90 ಶೇಕಡಾ ಇರುವ ಊರಿನಲ್ಲಿ, ಆ ಬರಹಗಳ ಮಾತು ಕೇಳಿ ಡಬ್ಬಿಯೊಳಗೆ ಒದ್ದೆ ಸ್ಪಂಜು ಇಟ್ಟರೆ ಎರಡೇ ವಾರದಲ್ಲಿ ಬೂಸು ಹಿಡಿಯುತ್ತದೆ.

ಮೊದಲು ಕೈಯಲ್ಲಿರುವುದು ಏನೆಂದು ತಿಳಿಯಬೇಕು. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಹೊಗೆಸೊಪ್ಪಿಗೆ ಹೆಸರಾದ ಸೀಮೆಗಳು ಎಸ್ತೆಲಿ, ಕೊಂಡೆಗಾ, ಹಲಾಪಾ, ಮತ್ತೆ ದೊಡ್ಡ ಸರೋವರದ ನಡುವೆ ಜ್ವಾಲಾಮುಖಿಗಳೇ ಎದ್ದು ನಿಂತ ಒಮೆತೆಪೆ ದ್ವೀಪ. ಎಸ್ತೆಲಿಯ ಕಪ್ಪು ಮಣ್ಣಿನ ಎಲೆ ದಪ್ಪ, ಖಾರ. ಹೊಂಡುರಾಸ್ ಗಡಿಯ ಹತ್ತಿರದ ಹಲಾಪಾದ ಎಲೆ ನಯ, ಸ್ವಲ್ಪ ಸಿಹಿ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದ ಬೆಳೆಗಾರರು ಅಲ್ಲಿನ ಬೀಜವನ್ನೂ ಕೈಕಸುಬನ್ನೂ ನಿಕರಾಗುವಾಕ್ಕೆ ತಂದರು. 1968ರಲ್ಲಿ ಎಸ್ತೆಲಿಯಲ್ಲಿ ಶುರುವಾದ ಹೋಯಾ ದೆ ನಿಕರಾಗುವಾ ಆ ದೇಶದ ಅತಿ ಹಳೆಯ ಸಿಗಾರ್ ಕಾರ್ಖಾನೆ.

ಗಡುಸುತನ ಬರುವುದು ಲಿಹೆರೊ ಎಂಬ ಎಲೆಯಿಂದ. ಗಿಡದ ನೆತ್ತಿಯ ಎಲೆಗಳಿವು. ಬಿಸಿಲು ಹೆಚ್ಚು ತಿಂದು ದಪ್ಪವಾಗಿ, ಎಣ್ಣೆ ತುಂಬಿ, ನಿಕೋಟಿನ್ ಏರಿಸಿಕೊಂಡಿರುತ್ತವೆ. ನಿಧಾನ ಉರಿಯುವುದರಿಂದ ಕಟ್ಟುವವರು ಇವನ್ನು ನಟ್ಟನಡುವೆ ಇಟ್ಟು, ಬೇಗ ಉರಿಯುವ ಕೆಳಗಿನ ಎಲೆಗಳನ್ನು ಸುತ್ತ ಹಾಕುತ್ತಾರೆ. ಈ ತಿರುಳನ್ನು ಬೈಂಡರ್ ಎಲೆ ಹಿಡಿದಿಡುತ್ತದೆ, ಅದರ ಮೇಲೆ ನಾಜೂಕಾದ ಹೊರ ಎಲೆ ವ್ರ್ಯಾಪರ್, ಬಾಯಿಗಿಡುವ ತುದಿಯಲ್ಲಿ ಚಿಕ್ಕ ಟೊಪ್ಪಿ. ಒಂದು ಮಾತು ಬೇರ್ಪಡಿಸಿ ಇಟ್ಟುಕೊಳ್ಳಿ: ಬಾಯಲ್ಲಿ ಹೊಗೆ ಎಷ್ಟು ದಟ್ಟವಾಗಿದೆ ಎಂಬುದು ಬೇರೆ, ನಿಕೋಟಿನ್ ತಲೆಗೆ ಎಷ್ಟು ಏರುತ್ತದೆ ಎಂಬುದು ಬೇರೆ. ಎಸ್ತೆಲಿಯ ಸಿಗಾರಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಹಾಗಾಗಿ ಜೀವನದ ಮೊದಲ ಸಿಗಾರ್ ಇದಾಗಬಾರದು.

ಅಳತೆಯಲ್ಲಿ ರೊಬುಸ್ಟೊ ಸಾಕು: 5 ಇಂಚು ಉದ್ದ, 50 ರಿಂಗ್ ಗೇಜ್. ಒಂದು ಗೇಜ್ ಎಂದರೆ ಇಂಚಿನ 64ನೇ ಒಂದು ಪಾಲು. 50 ಎಂದರೆ ಹೆಚ್ಚುಕಡಿಮೆ 20 ಮಿಲಿಮೀಟರ್ ದಪ್ಪ. ಒಂದು ಗಂಟೆ ಬರುತ್ತದೆ. ತೆಳ್ಳಗಿನದು ಬೇಗ ಬಿಸಿಯಾಗಿ ಖಾರ ಕಹಿಗೆ ತಿರುಗುತ್ತದೆ, 6 ಇಂಚಿನ ಟೊರೊ ಮುಗಿಸಲು ಅಭ್ಯಾಸ ಬೇಕು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆರೋಗ್ಯ ಎಚ್ಚರಿಕೆಯ ಚಿತ್ರ, ಆಮದುದಾರರ ಹೆಸರು, ರೂಪಾಯಿಯಲ್ಲಿ ಎಂಆರ್‌ಪಿ ಮೂರೂ ಇವೆಯೇ ನೋಡಿ. ಗಲ್ಫಿನಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಸುಂಕವಿಲ್ಲದೆ ತರಲು ಒಬ್ಬರಿಗೆ 25 ಸಿಗಾರ್ ಮಿತಿ, ಅದೂ ಅವರು ಸಿಗರೇಟು ತರದಿದ್ದರೆ. ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಒತ್ತಿದರೆ ಸಿಗಾರ್ ಚೂರು ತಗ್ಗಿ ಮತ್ತೆ ಎದ್ದುಬರಬೇಕು. ಚುರುಚುರು ಸದ್ದು ಬಂದರೆ ಒಣಗಿದೆ. ಒತ್ತಿದ ಗುಳಿ ಹಾಗೇ ಉಳಿದರೆ ನೀರು ಕುಡಿದಿದೆ, ಬೇಡ. ಸೂಜಿ ಚುಚ್ಚಿದಂಥ ತೂತಿದ್ದರೆ ಒಳಗೆ ಹುಳು ಓಡಾಡಿದೆ. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಮನೆಗೆ ತರಬೇಡಿ.

ಇನ್ನು ಇಡುವ ವಿಚಾರ. ಕರಾವಳಿಯಲ್ಲಿ ಅರ್ಧ ಸವಿ ತೀರ್ಮಾನವಾಗುವುದೇ ಇಲ್ಲಿ. ಚಂದದ ಮರದ ಪೆಟ್ಟಿಗೆಯ ಆಸೆ ಬಿಡಿ. ಮಳೆಗಾಲಕ್ಕೆ ಬಾಗಿಲು ಉಬ್ಬುವಂತೆ ಅದರ ಮುಚ್ಚಳವೂ ಉಬ್ಬಿ, ಸಂದಿಯಿಂದ ಹೊರಗಿನ ತೇವ ಒಳಗಿಳಿಯುತ್ತದೆ. ಸಿಲಿಕೋನ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ಇಲ್ಲಿಗೆ ಸರಿ. ಹಳೆಯ ಉಪ್ಪಿನಕಾಯಿ ಡಬ್ಬಿ ತೊಳೆದು ಬಳಸಬೇಡಿ. ವಾಸನೆ ಪ್ಲಾಸ್ಟಿಕ್ಕಿನಿಂದ ಹೋಗುವುದಿಲ್ಲ, ಎಲೆಗೆ ಹತ್ತುತ್ತದೆ. ಒಳಗೆ 65 ಶೇಕಡಾದ ಎರಡೂ ಕಡೆ ಕೆಲಸ ಮಾಡುವ ತೇವದ ಪೊಟ್ಟಣ ಇಡಿ: ಒಣಗಿದರೆ ತೇವ ಬಿಡುತ್ತದೆ, ಹೆಚ್ಚಾದರೆ ಹೀರುತ್ತದೆ. 25 ಸಿಗಾರಿಗೆ 60 ಗ್ರಾಮಿನ ಒಂದು ಪೊಟ್ಟಣ. 69ರದ್ದೂ ಸಿಗುತ್ತದೆ, ನಮ್ಮ ಹವೆಗೆ ಅದು ಹೆಚ್ಚು. ಎಣ್ಣೆ ತುಂಬಿದ ಲಿಹೆರೊ ಮೊದಲೇ ನಿಧಾನ ಉರಿಯುವಂಥದ್ದು, ಸೇದುವ ಒಂದು ಗಂಟೆಯಲ್ಲಿ ಹೊರಗಿನ ಗಾಳಿಯಿಂದ ಇನ್ನಷ್ಟು ತೇವ ಎಳೆದುಕೊಳ್ಳುತ್ತದೆ.

ಡಬ್ಬಿಯೊಳಗೆ ತೇವ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಬೇಕು, ಆದರೆ ಅದನ್ನು ಸುಮ್ಮನೆ ನಂಬಬಾರದು. ಸೋಡಾ ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಅದು ಕಡಲ ಬದಿಯ ಒದ್ದೆ ಮರಳಿನಷ್ಟಾಗುವಂತೆ ಕೆಲವೇ ಹನಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು. ಮುಚ್ಚಳವನ್ನೂ ಮೀಟರನ್ನೂ ಜಿಪ್ ಚೀಲದಲ್ಲಿಟ್ಟು ಮುಚ್ಚಿ, 24 ಗಂಟೆ ಬಿಡಿ. ತೇವಗೊಂಡ ಉಪ್ಪಿನ ಸುತ್ತಲ ಗಾಳಿ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಮೀಟರ್ 79 ತೋರಿಸಿದರೆ ಅದು 4 ಹೆಚ್ಚು ಹೇಳುತ್ತದೆ ಎಂದರ್ಥ. ಬೆನ್ನಿಗೆ ಚೀಟಿ ಅಂಟಿಸಿ ಬರೆದಿಡಿ.

ತೇವದಷ್ಟೇ ದೊಡ್ಡ ಶತ್ರು ಸೆಕೆ. ಹೊಗೆಸೊಪ್ಪಿನ ಹುಳುವಿನ ಮೊಟ್ಟೆ ಎಲೆಯೊಳಗೆ ಕಾಣದಂತೆ ಕುಳಿತಿರಬಹುದು. ಕೋಣೆ 24 ಡಿಗ್ರಿ ದಾಟಿದ ಮೇಲೆ ಅದು ಒಡೆಯುವ ಅಪಾಯ ಏರುತ್ತದೆ. ಎಸಿ ಇಲ್ಲದ ಮಂಗಳೂರಿನ ಮನೆ ವರ್ಷದ ಬಹುಪಾಲು ಅದಕ್ಕಿಂತ ಬಿಸಿ. ಇದೇ ಹುಳು ಅಡುಗೆಮನೆಯ ಅರಸಿನ, ಕೊತ್ತಂಬರಿ, ಮೆಣಸಿನ ಡಬ್ಬಿಗಳಲ್ಲೂ ಆಗುವಂಥದ್ದು, ಆದ್ದರಿಂದ ಸಿಗಾರ್ ಡಬ್ಬಿಯನ್ನು ಉಗ್ರಾಣದ ಕಪಾಟಿನಲ್ಲಿ ಇಡಬೇಡಿ. ಹೊಸದಾಗಿ ತಂದದ್ದನ್ನು ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಗಾಳಿ ಒತ್ತಿ ತೆಗೆದು, ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಮೂರು ದಿನ ಫ್ರೀಜರಿನಲ್ಲಿ, ಮತ್ತೊಂದು ದಿನ ಕೆಳಗೆ, ಕೊನೆಗೆ ಒಂದು ದಿನ ಕೋಣೆಯಲ್ಲಿ ಇಡಿ. ಫ್ರೀಜರಿನಿಂದ ನೇರ ಹೊರಗೆ ತೆಗೆದರೆ ವ್ರ್ಯಾಪರ್ ಸೀಳುತ್ತದೆ, ಹೊರಗಿನ ತೇವ ಚೀಲದ ಮೇಲೆಲ್ಲ ನೀರಾಗಿ ಇಳಿಯುತ್ತದೆ. ಆತುರ ಬೇಡ. ಹಾಗೆಂದು ಫ್ರಿಜ್ಜಿನಲ್ಲೇ ಕಾಯಂ ಇಡುವುದೂ ತಪ್ಪು: ಒಣಗುತ್ತದೆ, ನಿನ್ನೆಯ ಮೀನು ಸಾರಿನ ವಾಸನೆ ಹಿಡಿಯುತ್ತದೆ.

ಬಿಳಿಯ ಅಥವಾ ಹಸುರು ಛಾಯೆಯ ನವಿರು ರೋಮ ಕಂಡರೆ ಬೂಸು. ವ್ರ್ಯಾಪರಿನ ಮೇಲೆ ಒಂದೆರಡು ಚುಕ್ಕೆ ಇದ್ದರೆ ಒರೆಸಿದರಾಯಿತು ಎನ್ನುವವರಿದ್ದಾರೆ; ಹಚ್ಚುವ ತುದಿಯ ಎಲೆಮಡಿಕೆಯಲ್ಲಿ ಕಂಡರಂತೂ ಒಳಗೂ ಹೋಗಿದೆ, ಎಸೆಯುವುದೇ ಸರಿ.

ಸೇದುವ ಹಿಂದಿನ ರಾತ್ರಿ ಸಿಗಾರನ್ನು ಡಬ್ಬಿಯಿಂದ ತೆಗೆದು, ಕಾಗದದ ಲಕೋಟೆಯಲ್ಲಿ ಹಾಕಿ, ಎಸಿ ಓಡುವ ಮಲಗುವ ಕೋಣೆಯಲ್ಲಿ ಬಿಡಿ. ಮಳೆಗಾಲದಲ್ಲಿ ಈ ಒಂದು ಕೆಲಸ ಅರ್ಧಕ್ಕರ್ಧ ತೊಂದರೆ ತಪ್ಪಿಸುತ್ತದೆ. ಮರುದಿನ ಸಂಜೆವರೆಗೆ ಜಗಲಿಗೆ ತರಬೇಡಿ.

ಹೊತ್ತು ಮತ್ತು ಜಾಗ. ಮಲ್ಪೆ, ಪಣಂಬೂರಿನ ದಂಡೆ ಕಣ್ಣಿಗೆ ಚಂದ, ಸಿಗಾರಿಗೆ ಆಗದು. ಮಧ್ಯಾಹ್ನದ ಮೇಲೆ ಬೀಸುವ ಕಡಲ ಗಾಳಿ ಒಂದೇ ಬದಿಯನ್ನು ಉರಿಸುತ್ತದೆ, ಪರಿಮಳವನ್ನು ಮೂಗಿಗೆ ಸಿಗಗೊಡುವುದಿಲ್ಲ. ಕತ್ತಲಾದ ಮೇಲೆ ಆ ಗಾಳಿ ಇಳಿದು, ನೆಲದ ಕಡೆಯಿಂದ ಗಾಳಿ ಏಳುವ ಮೊದಲು, ತೆಂಗಿನ ಗರಿ ಅಲ್ಲಾಡದ ಒಂದು ಹೊತ್ತಿರುತ್ತದೆ. ಅದು ಸರಿಯಾದ ಹೊತ್ತು. ನಿಮ್ಮದೇ ಮನೆಯ ಜಗಲಿ ಅಥವಾ ತಾರಸಿ, ಫ್ಯಾನ್ ಬಂದ್. ಸಾರ್ವಜನಿಕ ಜಾಗದಲ್ಲಿ ಧೂಮಪಾನಕ್ಕೆ ಕಾನೂನಿನ ತಡೆಯಿದೆ. ಕರ್ನಾಟಕದಲ್ಲಿ 21 ತುಂಬದವರಿಗೆ ಹೊಗೆಸೊಪ್ಪು ಮಾರುವಂತಿಲ್ಲ. ಮಕ್ಕಳು, ಬಸುರಿಯರು, ದಮ್ಮಿನವರು ಇರುವ ಕಡೆ ಹಚ್ಚಬೇಡಿ. ಹೊಗೆ ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಇದು ಎಂದೋ ಒಮ್ಮೆಯ ಸವಿ, ದಿನದ ರೂಢಿಯಾಗಬಾರದು.

ಖಾಲಿ ಹೊಟ್ಟೆಯಲ್ಲಿ ಕೂರಬೇಡಿ. ಹೊಟ್ಟೆ ತುಂಬ ಊಟ ಮಾಡಿ ಒಂದು ಗಂಟೆ ಬಿಟ್ಟು ಕೂರಿ. ಆದರೆ ಅಂದು ಕೋರಿ ರೊಟ್ಟಿಯೋ ಮೀನಿನ ಪುಳಿಮುಂಚಿಯೋ ಆಗಿದ್ದರೆ ನಾಲಗೆ ಮೊದಲೇ ಉರಿದಿರುತ್ತದೆ, ಸಿಗಾರಿನ ಖಾರ ಯಾವುದು, ಸಾರಿನದ್ದು ಯಾವುದು ತಿಳಿಯುವುದಿಲ್ಲ. ಕುಚ್ಚಲಕ್ಕಿ ಅನ್ನ, ತೊವ್ವೆ, ಪಲ್ಯದ ಸಪ್ಪೆ ಊಟ ಒಳ್ಳೆಯದು. ಪಕ್ಕದಲ್ಲಿ ತಣ್ಣಗಿಲ್ಲದ ನೀರು ಮತ್ತು ಒಂದು ಅಚ್ಚು ಬೆಲ್ಲ ಇರಲಿ.

ಕತ್ತರಿಸುವುದು. ಟೊಪ್ಪಿಯ ತುದಿಯಿಂದ 2 ಮಿಲಿಮೀಟರ್ ಮಾತ್ರ, ದುಂಡು ಭುಜ ಇಳಿಯಲು ಶುರುವಾಗುವುದಕ್ಕಿಂತ ಮೇಲೆ. ಅದಕ್ಕಿಂತ ಕೆಳಗೆ ಕತ್ತರಿಸಿದರೆ ವ್ರ್ಯಾಪರನ್ನು ಹಿಡಿದಿದ್ದ ಅಂಟೇ ಹೋಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟರನ್ನು ಒಂದೇ ಏಟಿಗೆ ಒತ್ತಿ. ಅಡಕೆಕತ್ತರಿ ಪುಡಿ ಮಾಡಿಬಿಡುತ್ತದೆ. ಹಚ್ಚುವ ಮೊದಲು ಒಮ್ಮೆ ಬರಿದೇ ಎಳೆದು ನೋಡಿ. ಗಾಳಿ ಸರಾಗ ಬರಬೇಕು, ಸ್ವಲ್ಪವೇ ತಡೆ ಇರಬೇಕು. ಬಿಗಿಯಾಗಿದ್ದರೆ ಬೆರಳುಗಳ ನಡುವೆ ಉದ್ದಕ್ಕೂ ಹಗುರವಾಗಿ ಉರುಳಿಸಿ. ಆಗಲೂ ಬಿಡದಿದ್ದರೆ ಎಲೆ ತೇವದಿಂದ ಉಬ್ಬಿದೆ, ಇನ್ನೊಂದು ದಿನ ಎಸಿ ಕೋಣೆಗೆ ಹಾಕಿ.

ಬ್ಯೂಟೇನ್ ಲೈಟರ್ ಅಥವಾ ಉದ್ದ ಕಡ್ಡಿ ಬಳಸಿ. ಕಡ್ಡಿಯಾದರೆ ಗಂಧಕದ ತಲೆ ಪೂರ್ತಿ ಉರಿದು ಹೋಗಲಿ. ಪೆಟ್ರೋಲಿನ ಲೈಟರ್, ಮೇಣದ ಬತ್ತಿ ಬೇಡ, ಅವುಗಳ ವಾಸನೆ ಕೊನೆವರೆಗೂ ಬಿಡುವುದಿಲ್ಲ. ಸಿಗಾರನ್ನು ಬಾಯಿಗಿಡದೆ, ತುದಿಯನ್ನು ಜ್ವಾಲೆಯಿಂದ ಒಂದು ಸೆಂಟಿಮೀಟರ್ ಮೇಲೆ ಓರೆಯಾಗಿ ಹಿಡಿದು 20–30 ಸೆಕೆಂಡು ತಿರುಗಿಸುತ್ತಿರಿ, ಕೆಂಡದ ಮೇಲೆ ಹಪ್ಪಳ ಸುಡುವ ಹಾಗೆ: ಬಿಸಿ ತಾಗಬೇಕು, ಬೆಂಕಿ ನೆಕ್ಕಬಾರದು. ಅಂಚೆಲ್ಲ ಕಪ್ಪಾದ ಮೇಲೆ ಬಾಯಿಗಿಟ್ಟು ತಿರುಗಿಸುತ್ತ ಮೂರ್ನಾಲ್ಕು ಸಲ ಎಳೆಯಿರಿ. ತುದಿಗೆ ಮೆಲ್ಲಗೆ ಊದಿ ನೋಡಿ. ಕೆಂಪು ಉಂಗುರ ಎಲ್ಲೂ ಕಡಿದಿರಬಾರದು. ಆಮೇಲೆ ಒಂದು ನಿಮಿಷ ಸುಮ್ಮನೆ ಬಿಡಿ.

ನಿಮಿಷಕ್ಕೆ ಒಂದು ಎಳೆತ, ಅಷ್ಟೇ. ಹೊಗೆಯನ್ನು ಬಾಯಲ್ಲಿ ಮೂರ್ನಾಲ್ಕು ಸೆಕೆಂಡು ನಿಲ್ಲಿಸಿ, ಮುಕ್ಕಾಲು ಪಾಲು ಬಾಯಿಂದ ಬಿಟ್ಟು, ಉಳಿದ ಚೂರನ್ನು ಬಾಯಿ ಮುಚ್ಚಿ ಮೂಗಿನಿಂದ ಹೊರಬಿಡಿ. ಎದೆಗೆ ಎಳೆಯಬಾರದು. ಗಡುಸು ಸಿಗಾರಿನ ಅಸಲು ಪರಿಮಳ ಗೊತ್ತಾಗುವುದೇ ಈ ಮೂಗಿನ ದಾರಿಯಲ್ಲಿ. ಮೊದಲ ಸಲ ಕಣ್ಣಲ್ಲಿ ನೀರು ಬರಬಹುದು. ಅಂದರೆ ಬಿಟ್ಟ ಹೊಗೆ ಹೆಚ್ಚಾಯಿತು.

ರುಚಿಗೆ ಹೆಸರಿಡಲು ಪರದೇಶದ ಪಟ್ಟಿ ಬೇಕಿಲ್ಲ, ನಮ್ಮ ಉಗ್ರಾಣವೇ ಸಾಕು. ಮೊದಲ ಒಂದೂವರೆ ಇಂಚಿನಲ್ಲಿ ಒಳ್ಳೆಮೆಣಸು ಮುಂದೆ ನಿಲ್ಲುತ್ತದೆ. ಒಣಮೆಣಸಿನಂತೆ ನಾಲಗೆಯ ತುದಿ ಸುಡುವ ಖಾರವಲ್ಲ ಅದು, ಗಂಟಲ ಹಿಂದೆ ಬಿಸಿಯಾಗಿ ಕೂರುವಂಥದ್ದು. ನಡುಭಾಗದಲ್ಲಿ ಮೆಣಸು ಹಿಂದೆ ಸರಿದು ಸಕ್ಕರೆ ಹಾಕದ ಡಿಕಾಕ್ಷನ್, ಗಸಿಗೆ ಹುರಿದ ತೆಂಗಿನಕಾಯಿ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಹುಳಿಬರಿಸಿ ಒಣಗಿಸಿದ ಕೋಕೋ ಬೀಜದ ವಾಸನೆ ಬರಬಹುದು. ಹಲಾಪಾದ ಎಲೆ ಸೇರಿದ್ದರೆ ಬೆಲ್ಲದ ಪಾಕದ ಅಂಚೂ ಇರುತ್ತದೆ. ಚೂಪು ಮಾಡಿದ ಪೆನ್ಸಿಲಿನ ಮರ, ಹೊಸ ಚರ್ಮದ ಚಪ್ಪಲಿ, ಮೊದಲ ಮಳೆಯ ಮಣ್ಣು, ಇವನ್ನೂ ಹುಡುಕಿ. ಕೊನೆಯ ಮೂರನೇ ಪಾಲಿನಲ್ಲಿ ಎಲ್ಲವೂ ದಪ್ಪವಾಗಿ ಒಂದರೊಳಗೊಂದು ಸೇರುತ್ತವೆ. ಅಲ್ಲಿ ಎರಡು ನಿಮಿಷಕ್ಕೊಂದು ಎಳೆತ ಸಾಕು. ಮೂಗಿಗೆ ಅಮೋನಿಯಾ ಚುಚ್ಚಿದರೆ ಎಲೆ ಇನ್ನೂ ಎಳತು, ಹುಳಿಬರಿಸುವ ಕೆಲಸ ಪೂರ್ತಿಯಾಗಿಲ್ಲ. ಆ ಪೆಟ್ಟಿಗೆಯ ಉಳಿದವನ್ನು ಆರು ತಿಂಗಳು ಮುಟ್ಟಬೇಡಿ. ಜೊತೆಗೆ ಹಾಲು ಕಡಿಮೆ ಹಾಕಿದ ಫಿಲ್ಟರ್ ಕಾಫಿ ಚೆನ್ನಾಗಿ ಹೊಂದುತ್ತದೆ. ಪುನರ್ಪುಳಿಯ ಶರಬತ್ತು ಬೇಡ. ಹುಳಿಯ ಮೇಲೆ ಹೊಗೆ ಒಗರಾಗುತ್ತದೆ.

ಬೂದಿಯನ್ನು ಪದೇ ಪದೇ ಕೊಡಹಬೇಡಿ. ಎರಡು ಸೆಂಟಿಮೀಟರಿನವರೆಗೆ ಬಿಟ್ಟರೆ ಕೆಂಡ ತಂಪಾಗಿರುತ್ತದೆ. ಮತ್ತೆ ಬೂದಿಬಟ್ಟಲ ಅಂಚಿಗೆ ಒರಗಿಸಿದರೆ ತಾನೇ ಬೀಳುತ್ತದೆ. ಬಿದ್ದಾಗ ಒಳಗಿನ ಕೆಂಡ ನೋಡಿ. ಮೊಳೆಯ ತುದಿಯಂತೆ ಚೂಪಾಗಿದ್ದರೆ ಲಿಹೆರೊ ನಟ್ಟನಡುವೆ ಕೂತಿದೆ, ಕಟ್ಟಿದ ಕೈ ಒಳ್ಳೆಯದು. ಮಧ್ಯೆ ಗುಂಡಿ ಬಿದ್ದು ವ್ರ್ಯಾಪರ್ ಸುಡದೆ ಉಳಿದಿದ್ದರೆ ಹೊರ ಎಲೆಗೆ ತೇವ ಹತ್ತಿದೆ ಅಥವಾ ಎಳೆತ ತೀರಾ ನಿಧಾನವಾಗಿದೆ. ಸುತ್ತಲ ಅಂಚಿಗೆ ಮತ್ತೆ ಬೆಂಕಿ ತೋರಿಸಿ. ಒಂದೇ ಬದಿ ಉರಿಯುತ್ತಿದ್ದರೆ ಹಿಂದುಳಿದ ಬದಿಯನ್ನು ಕೆಳಗೆ ತಿರುಗಿಸಿ ಹಿಡಿಯಿರಿ. ಕೆಳಗಿನಿಂದ ಗಾಳಿ ಸಿಕ್ಕಿ ಅದು ಸಮಕ್ಕೆ ಬರುತ್ತದೆ. ಬರದಿದ್ದರೆ ಆ ಜಾಗಕ್ಕಷ್ಟೇ ಜ್ವಾಲೆ ತಾಗಿಸಿ. ಸೇದುತ್ತಿರುವಾಗ ವ್ರ್ಯಾಪರ್ ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ನೀರು ಕುಡಿದು ಉಬ್ಬಿತ್ತು ಎಂದರ್ಥ, ಅಂದು ಮದ್ದಿಲ್ಲ. ನಂದಿದರೆ ಬೂದಿ ತೆಗೆದು, ಒಳಗಿನ ಹಳಸು ಹೊಗೆಯನ್ನು ಒಮ್ಮೆ ಹೊರಕ್ಕೆ ಊದಿ, ಮತ್ತೆ ಹಚ್ಚಿ. ಹೆಸರಿನ ಪಟ್ಟಿಯನ್ನು ಮೊದಲೇ ಕೀಳಬೇಡಿ. ಬಿಸಿಗೆ ಅಂಟು ಸಡಿಲಾದ ಮೇಲೆ ವ್ರ್ಯಾಪರ್ ಹರಿಯದೆ ಬರುತ್ತದೆ.

ಹಣೆ ಬೆವರಿ, ಹೊಟ್ಟೆ ತೊಳಸಿ, ತಲೆ ತಿರುಗಿದಂತಾದರೆ ನಿಕೋಟಿನ್ ಏರಿದೆ. ಬೇಗ ಬೇಗ ಎಳೆದವರಿಗೆ, ಖಾಲಿ ಹೊಟ್ಟೆಯವರಿಗೆ ಇದು ಬರುತ್ತದೆ. ಸಿಗಾರ್ ಕೆಳಗಿಟ್ಟು, ಗಾಳಿ ಬರುವಲ್ಲಿ ಕೂತು, ಮನೆಗೆ ಬಂದವರಿಗೆ ಕೊಡುವ ಹಾಗೆ ಬೆಲ್ಲ ಕಚ್ಚಿ ನೀರು ಕುಡಿಯಿರಿ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಇಳಿದ ಮೇಲೆ ಅದೇ ಸಿಗಾರಿಗೆ ಮತ್ತೆ ಕೈ ಹಾಕಬೇಡಿ. ಎದೆ ನೋವು ಅಥವಾ ನಿಲ್ಲದ ವಾಂತಿ ಇದ್ದರೆ ಆಸ್ಪತ್ರೆಗೆ ಹೋಗಿ.

ಬೆರಳಿಗೆ ಬಿಸಿ ತಟ್ಟಲು ಶುರುವಾದಾಗ, ಸುಮಾರು ನಾಲ್ಕು ಸೆಂಟಿಮೀಟರ್ ಉಳಿದಾಗ, ನಿಲ್ಲಿಸಿ. ಸಿಗರೇಟಿನಂತೆ ಹೊಸಕಿದರೆ ಕೆಟ್ಟ ನಾತ. ಬಟ್ಟಲಲ್ಲೇ ಬಿಟ್ಟರೆ ಕೆಲವು ನಿಮಿಷದಲ್ಲಿ ತಾನೇ ನಂದುತ್ತದೆ. ಪೂರ್ತಿ ತಣಿದದ್ದನ್ನು ನೋಡಿ ಅಂದೇ ರಾತ್ರಿ ತುಂಡನ್ನೂ ಬೂದಿಯನ್ನೂ ಮನೆಯಾಚೆ ಹಾಕಿ, ತೇವದ ಗಾಳಿಯಲ್ಲಿ ಆ ವಾಸನೆ ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತದೆ. ಕಟರಿನ ಅಲಗನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಒಣ ಡಬ್ಬಿಯಲ್ಲಿಡಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಅಲಗು ಮುಂದಿನ ಸಲ ಟೊಪ್ಪಿಯನ್ನು ಕತ್ತರಿಸದೆ ಹರಿಯುತ್ತದೆ.