ಪೆಂಟಿಯಂ 3 ಮತ್ತೆ ಡಿಟಿಪಿ ಕೆಲಸಕ್ಕೆ: ನನ್ನ ಅನುಭವ

ಹಳೇ ಪೆಂಟಿಯಂ 3 ಕಂಪ್ಯೂಟರನ್ನೇ ಡಿಟಿಪಿಗೆ, ಅಂದರೆ ಪುಟ ಜೋಡಿಸುವ ಕೆಲಸಕ್ಕೆ, ಮತ್ತೆ ಸಜ್ಜು ಮಾಡುತ್ತೇನೆ ಅಂದಾಗ, ಹೊಸ ಪಿಸಿ ತಗೊಂಡು ಯುಎಸ್‌ಬಿ-ಪ್ಯಾರಲಲ್ ಕನ್ವರ್ಟರ್ (ಹಳೇ ಪ್ರಿಂಟರ್ ಪೋರ್ಟಿನ ಬದಲಿಗೆ ಬಳಸುವ ಕೇಬಲ್) ಹಾಕಿದರೆ ಮುಗೀತು ಅಂದವರೇ ಎಲ್ಲ. ಆಗುವುದಿಲ್ಲ. ಆ ಕನ್ವರ್ಟರ್ ಪ್ರಿಂಟರ್ ಓಡಿಸುತ್ತದೆ, ಅಷ್ಟೇ. ನಮ್ಮ ಹಳೇ ಕನ್ನಡ ಡಿಟಿಪಿ ಪ್ಯಾಕೇಜಿನ ಡಾಂಗಲ್‌ಗೆ (ಪ್ಯಾಕೇಜ್ ಓಡಲು ಪೋರ್ಟಿಗೆ ಸಿಕ್ಕಿಸುವ ಲೈಸೆನ್ಸ್ ಕೀಲಿಗೆ) 378ನೇ (ಹೆಕ್ಸ್) ವಿಳಾಸದಲ್ಲಿ ನಿಜವಾದ ಪ್ಯಾರಲಲ್ ಪೋರ್ಟೇ ಬೇಕು. ಹಾಗಾಗಿ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ ಇರುವ ಹಳೇ ಮದರ್‌ಬೋರ್ಡನ್ನೇ ಉಳಿಸಿಕೊಂಡೆ. ವಿಂಡೋಸ್ 98 ಎಸ್‌ಇ, ಪುಟ ವಿನ್ಯಾಸದ ಪೇಜ್‌ಮೇಕರ್ 6.5, ಡಾಂಗಲ್ ಮೂರೂ ಎಂಟು ತಿಂಗಳಿಂದ ಒಂದು ದಿನವೂ ಕೈಕೊಟ್ಟಿಲ್ಲ.

ಮೊದಲು ದುಡ್ಡು ಹೋದದ್ದು ಕೆಪಾಸಿಟರ್‌ಗೆ. ಪ್ರೊಸೆಸರ್ ಸ್ಲಾಟ್ ಪಕ್ಕದ 1500 ಮೈಕ್ರೋಫ್ಯಾರಡ್, 6.3 ವೋಲ್ಟ್‌ನವು ಏಳೆಂಟು ತಲೆ ಉಬ್ಬಿದ್ದವು. ಕೈಗೆ ಸಿಕ್ಕ ಸಾಮಾನ್ಯ ಮಾಲು ಹಾಕಿದೆ; ಮೂರು ವಾರಕ್ಕೆ ಮತ್ತೆ ಹ್ಯಾಂಗ್. ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ), 105 ಡಿಗ್ರಿ ತಾಳುವಂಥದೇ ಬೇಕು. ಗ್ರೌಂಡ್ ಕಾಲು ಬಿಸಿಯನ್ನೆಲ್ಲ ಬೋರ್ಡಿಗೆ ಎಳೆದುಕೊಳ್ಳುತ್ತದೆ, 25 ವಾಟ್ ಬೆಸುಗೆ ಐರನ್ ಸಾಲದು. 60 ವಾಟ್‌ನದು ಹಿಡಿದು, ಹೊಸ ಬೆಸುಗೆ ಸೀಸ ಸ್ವಲ್ಪ ಸೇರಿಸಿ ಕರಗಿಸಿದರೆ ಬೋರ್ಡಿನ ತೂತಿನ ಲೋಹ ಕೀಳದೆ ಕಾಲು ಹೊರಬರುತ್ತದೆ.

ರ‍್ಯಾಮ್‌ನಲ್ಲೂ ಏಟು ತಿಂದೆ. ಎಸ್‌ಪಿ ರೋಡ್‌ನಲ್ಲಿ ತಂದ 256 ಎಂಬಿ ಕಡ್ಡಿಯನ್ನು ಬೋರ್ಡ್ 128 ಎಂದೇ ತೋರಿಸಿತು, ಯಾಕೆಂದರೆ ಅದರಲ್ಲಿ ಎಂಟೇ ಚಿಪ್. ಈ ಚಿಪ್‌ಸೆಟ್‌ಗೆ ಎರಡೂ ಬದಿ ಸೇರಿ 16 ಚಿಪ್ ಇರುವ 256ರ ಕಡ್ಡಿಯೇ ಆಗಬೇಕು. ಅಂಥವು ಎರಡು ಹಾಕಿ 512ಕ್ಕೆ ನಿಲ್ಲಿಸಿದೆ. ಪ್ರಯೋಗಕ್ಕೆಂದು 768 ಮಾಡಿದಾಗ ವಿಂಡೋಸ್ 98 ಮೆಮೊರಿ ಸಾಲದು ಎಂದು ಹಟ ಹಿಡಿಯಿತು. ವಿಂಡೋಸ್‌ನ ಸೆಟ್ಟಿಂಗ್ ಫೈಲ್ ಸಿಸ್ಟಮ್.ಐಎನ್‌ಐ ಒಳಗಿನ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್‌ಗೆ ಮಿತಿ ಕಟ್ಟಿದರೆ ಸರಿಹೋಗುತ್ತದೆ, ಆದರೆ ಪೇಜ್‌ಮೇಕರ್‌ಗೆ ಆ ಹೆಚ್ಚಿನ ಮೆಮೊರಿಯಿಂದ ಏನೂ ಲಾಭವಿಲ್ಲ.

ನಿಜವಾದ ವೇಗ ಬಂದದ್ದು ಡಿಸ್ಕಿನಿಂದ. 120 ಜಿಬಿ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಮೂಲಕ ಕೊಟ್ಟೆ, ಬಯೋಸ್ (ಬೋರ್ಡನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ) ಡಿಸ್ಕ್ ಹುಡುಕುವಲ್ಲೇ ನಿಂತಿತು: ಹಳೇ ಅವಾರ್ಡ್ ಬಯೋಸ್ 33.8 ಜಿಬಿ ದಾಟುವುದಿಲ್ಲ. 32 ಜಿಬಿ ಸಿಎಫ್ (ಕಾಂಪ್ಯಾಕ್ಟ್‌ಫ್ಲಾಶ್) ಮೆಮೊರಿ ಕಾರ್ಡ್ ಆ ಗೆರೆಯ ಒಳಗೇ ಇದೆ. ಆದರೆ ಅದನ್ನು ಹಳೇ ಡಿಸ್ಕ್ ಕೇಬಲ್‌ಗೆ ಜೋಡಿಸುವ ನೂರು ರೂಪಾಯಿಯ ಐಡಿಇ ಅಡಾಪ್ಟರ್ ನಂಬಬೇಡಿ. ಅದರಲ್ಲಿ ಡಿಎಂಎ (ಪ್ರೊಸೆಸರನ್ನು ಕಾಡದೆ ಡೇಟಾ ಸಾಗಿಸುವ) ಗೆರೆಗಳನ್ನೇ ಜೋಡಿಸಿರಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಎಂಎ ಟಿಕ್ ಹಾಕಿದ ಕೂಡಲೇ ಬೂಟ್ ಅರ್ಧಕ್ಕೆ ನಿಂತಿತು. ಇನ್ನೂರೈವತ್ತರದ್ದು ತಂದ ಮೇಲೆ ಎರಡು ನಿಮಿಷದ ಬೂಟ್ ಸುಮಾರು 40 ಸೆಕೆಂಡಿಗೆ ಇಳಿಯಿತು. ಪಾರ್ಟಿಷನ್ ಅದೇ ಮಷೀನಿನಲ್ಲೇ ಮಾಡಿ. ಕಾರ್ಡ್ ರೀಡರ್‌ನಲ್ಲಿ ಮಾಡಿದರೆ ಜಾಮೆಟ್ರಿ (ಡಿಸ್ಕ್ ವಿಭಾಗಗಳ ಲೆಕ್ಕ) ಹೊಂದದೆ ಬೂಟ್ ಆಗದಿರಬಹುದು.

500 ಮೆಗಾಹರ್ಟ್ಸ್‌ನ ಪ್ರೊಸೆಸರ್ ತೆಗೆದು 850ರದು ಹಾಕುವ ಮುನ್ನ ಬೋರ್ಡ್ 1.65 ವೋಲ್ಟ್ ಕೊಡುತ್ತದೆಯೇ ನೋಡಿ. ಮೊದಮೊದಲ ಬೋರ್ಡ್‌ಗಳು ಹಲವು 1.8ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂಡ 5 ವೋಲ್ಟ್‌ನಲ್ಲಿ ಗಟ್ಟಿಯಿರಬೇಕು. ಈಗಿನವು 12 ವೋಲ್ಟ್‌ಗೇ ಒತ್ತು ಕೊಡುತ್ತವೆ, ಮೈನಸ್ 5 ಅಂತೂ ಇಲ್ಲವೇ ಇಲ್ಲ. ನನ್ನ ಹಳೇ ಐಎಸ್‌ಎ ಸ್ಲಾಟಿನ ಸೌಂಡ್ ಕಾರ್ಡ್ ಅದಿಲ್ಲದೆ ಮೂಕವಾಯಿತು. ಡಿಟಿಪಿಗೆ ಸದ್ದು ಬೇಡ, ಬಿಟ್ಟೆ.

ಎಲ್ಲ ಸೇರಿ ನಾಲ್ಕು ಸಾವಿರದ ಆಚೀಚೆ. ಅದರಲ್ಲಿ ಏಳುನೂರು ದಂಡ. ಫೈಲ್ ಹೊರತರಲು ರಿಯಲ್‌ಟೆಕ್ 8139 ಲ್ಯಾನ್ ಕಾರ್ಡ್, ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ವಿಧಾನ). ಯೂನಿಕೋಡ್‌ಗೆ ಬದಲಿಸುವುದು ಹೊಸ ಪಿಸಿಯಲ್ಲಿ. ಅದೇ ಮಾಡೆಲ್‌ನ ಇನ್ನೊಂದು ಸಿಎಫ್ ಕಾರ್ಡ್‌ಗೆ ಲಿನಕ್ಸ್‌ನಲ್ಲಿ ಡಿಡಿ (ಇಡೀ ಕಾರ್ಡನ್ನು ಹಾಗೇ ನಕಲು ಮಾಡುವ ಕಮಾಂಡ್) ಹೊಡೆದು, ಅದರಿಂದಲೂ ಒಮ್ಮೆ ಬೂಟ್ ಮಾಡಿ ನೋಡಿಯೇ ಡಬ್ಬಿಗೆ ಹಾಕಿಟ್ಟಿದ್ದೇನೆ.