ಆರ್ಕೆಸ್ಟ್ರಾದಲ್ಲಿ ‘ಉಮಂಡ್ ಘುಮಂಡ್’ ಕೂರಿಸಿದ ಬಗೆ

ಗದಗಿನ ಸುತ್ತ ಆರ್ಕೆಸ್ಟ್ರಾ ನಡೆಸುವವರಿಗೆ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ಹಾಡು ಕೇಳಿ ಚೀಟಿ ಬಂದೇ ಬರುತ್ತದೆ. ‘ಉಮಂಡ್ ಘುಮಂಡ್ ಘನ ಗರಜೇ ಬದರಾ’ ಎಂದು ಬರೆದಿದ್ದರೆ ಅನೇಕ ತಂಡಗಳು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತವೆ. ಅದಕ್ಕೆ ಕಾರಣವೂ ಇದೆ. ಇದು ವೀರೇಶ್ವರ ಪುಣ್ಯಾಶ್ರಮದ ಊರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸ್ವರಜ್ಞಾನ ಕೊಟ್ಟ ಜಾಗ. ಸ್ವರ ಕೂದಲೆಳೆಯಷ್ಟು ಸರಿದರೂ ಹಿಡಿಯುವ ಕಿವಿಗಳು ಮುಂದಿನ ಸಾಲಿನಲ್ಲೇ ಇರುತ್ತವೆ. ಅಂಥವರ ಎದುರಿಗೇ ಇದನ್ನು ಹಾಡಬೇಕೆಂದು ನಾನು ಹಟ ಹಿಡಿದೆ.

1987ರ ‘ಪ್ರೇಮಲೋಕ’ದಿಂದ ಕಾಲೇಜು ಹುಡುಗರ ಬಾಯಲ್ಲೆಲ್ಲ ತಮ್ಮ ಹಾಡು ನಿಲ್ಲಿಸಿದ ಹಂಸಲೇಖ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಹಿಂದೂಸ್ತಾನಿ ಗವಾಯಿಯೊಬ್ಬರ ಬದುಕಿನ ಈ ಚಿತ್ರಕ್ಕೆ, 1995ರ ಸಾಲಿನಲ್ಲಿ. ಅದೇ ಸಾಲಿನಲ್ಲಿ ಈ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಸಿಕ್ಕಿತು. ಅವರು ಗುರುಮುಖದಿಂದ ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿತವರಲ್ಲ. ನನಗೆ ಧೈರ್ಯ ಕೊಟ್ಟದ್ದು ಈ ಸಂಗತಿಯೇ, ಏಕೆಂದರೆ ನಮ್ಮ ಗಾಯಕನೂ ಭಾವಗೀತೆ, ಸಿನಿಮಾ ಹಾಡು ಬಿಟ್ಟು ಬೇರೇನೂ ಕಲಿತವನಲ್ಲ.

“ಅಣ್ಣಾ, ಇದು ನನ್ನ ಗಂಟಲಿಗೆ ಆಗುವ ಹಾಡಲ್ಲ” ಎಂದ. “ಗಂಟಲಿನಿಂದ ಹಾಡಲೇಬೇಡ ತಮ್ಮಾ, ಹೊಕ್ಕುಳಿನಿಂದ ಉಸಿರು ಎತ್ತು” ಎಂದೆ. ಮೊದಲು ಸಾಹಿತ್ಯವನ್ನು ಪಕ್ಕಕ್ಕಿಟ್ಟು, ಹಾರ್ಮೋನಿಯಂ ಮೇಲೆ ತಾನ್‌ಗಳನ್ನು, ಅಂದರೆ ವೇಗವಾಗಿ ಹರಿಯುವ ಸ್ವರಗುಚ್ಛಗಳನ್ನು ಬಿಡಿಸಿ, ಅರ್ಧ ವೇಗದಲ್ಲಿ ಬರೀ ‘ಆ’ಕಾರದಲ್ಲಿ ಹಾಡಿಸಿದೆ. ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳಿಸುವವರೆಗೆ ವೇಗ ಏರಿಸಲಿಲ್ಲ. ಶ್ರುತಿಯನ್ನು ಅವನ ಧ್ವನಿಗೆ ತಕ್ಕಂತೆ ಇಳಿಸಿದೆ. ಮೂಲದ ಶ್ರುತಿಗೇ ಅಂಟಿಕೊಂಡು ಮೇಲಿನ ಷಡ್ಜದಲ್ಲಿ ಕಿರುಚುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಮಳೆಮೋಡದ ಹಾಡಿದು. ‘ಘುಮಂಡ್’, ‘ಘನ’ ಎನ್ನುವಾಗ ಮಹಾಪ್ರಾಣ ಎದೆಯಿಂದ ಬರದಿದ್ದರೆ ಗುಡುಗು ಎಲ್ಲಿಂದ ಕೇಳಬೇಕು? ತಬಲಾದವರನ್ನು ಎದುರಿಗೆ ಕೂರಿಸಿಕೊಂಡು, ಅವರು ಡಗ್ಗಾದ (ತಬಲಾ ಜೋಡಿಯ ದಪ್ಪ ದನಿಯ ಎಡಗೈ ವಾದ್ಯ) ಮೇಲೆ ‘ಘೆ’ ನುಡಿಸಿದಾಗಲೆಲ್ಲ ಇವನು ‘ಘನ’ ಎನ್ನಬೇಕೆಂದು ಹೇಳಿದೆ. ಚರ್ಮದ ಆ ಕಂಪನವನ್ನು ಕೇಳುತ್ತ ಕೇಳುತ್ತ ಅವನ ಅಕ್ಷರಕ್ಕೂ ತೂಕ ಬಂತು. ಯಾವ ಪಾಠದಿಂದಲೂ ಅಷ್ಟು ಬೇಗ ಬರುತ್ತಿರಲಿಲ್ಲ.

ಕೀಬೋರ್ಡನ್ನು ಬಹುತೇಕ ಸುಮ್ಮನಿರಿಸಿ, ರಿದಮ್ ಪ್ಯಾಡನ್ನು ಪೂರ್ತಿ ಬಿಟ್ಟೆವು. ಮೈಕಿನವರ ಜೊತೆ ಮಾತ್ರ ವಾದ ಮಾಡಬೇಕಾಯಿತು. ಎಕೋ ಇಲ್ಲದಿದ್ದರೆ ಧ್ವನಿ ಬಡವಾಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಎಕೋ ಇದ್ದರೆ ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಬಿದ್ದು ಇಡೀ ತಾನ್ ಕಲಸಿಹೋಗುತ್ತದೆ. ಕೊನೆಗೆ ಈ ಹಾಡಿನ ಮಟ್ಟಿಗೆ ಒಪ್ಪಿದರು.

ಮೊದಲ ಸಲ ಹಾಡಿದ ರಾತ್ರಿ, ತಾನ್ ಮುಗಿಸಿ ಅವನು ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು ತೊಡೆ ತಟ್ಟಿ “ವಾಹ್!” ಎಂದರು. ಶಿಳ್ಳೆಗಿಂತ ನನಗೆ ಅದೇ ದೊಡ್ಡದು. ಈಗ ಇದನ್ನು ಕಾರ್ಯಕ್ರಮದ ನಡುವೆ ಹಾಡಿಸುತ್ತೇವೆ. ಆರಂಭದಲ್ಲಿ ಗಂಟಲು ಪಳಗಿರುವುದಿಲ್ಲ, ಕೊನೆಗಿಟ್ಟರೆ ಕುಣಿತದ ಹಾಡುಗಳಿಗೇ ಗಾಯಕನ ಉಸಿರು ಖರ್ಚಾಗಿರುತ್ತದೆ.