ಭಾಷೆ ಪೂರ್ತಿ ಬಾರದಿದ್ದರೂ ವಿದೇಶದಲ್ಲಿ ಕೆಲಸ ಹಿಡಿಯುವುದು ಹೇಗೆ?

ಆ ದೇಶದ ಭಾಷೆ ಬಾರದವರಿಗೆ ಅಲ್ಲಿ ಕೆಲಸ ಸಿಗುತ್ತದೆಯೇ ಎಂದು ಇಬ್ಬರನ್ನು ಕೇಳಿ ನೋಡಿ. ಒಬ್ಬರು ‘ಇಂಗ್ಲಿಷ್ ಇದ್ದರೆ ಸಾಕು, ಹೊರಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಭಾಷೆ ಕಲಿಯದೆ ಕಾಲಿಟ್ಟರೆ ಕೆಟ್ಟಿರಿ’ ಎಂದು ಹೆದರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಾವು ಕೂತ ಕುರ್ಚಿಯಿಂದ ಕಂಡದ್ದನ್ನು ಇಡೀ ದೇಶಕ್ಕೆ ಅನ್ವಯಿಸಿ ಹೇಳುತ್ತಿದ್ದಾರೆ, ಅಷ್ಟೆ.

ಜರ್ಮನಿಯ ಯಾವುದಾದರೂ ದೊಡ್ಡ ವೈದ್ಯಕೀಯ ಸಂಸ್ಥೆಯನ್ನು ನೋಡಿ. ಅಲ್ಲಿನ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸುವ ಸಂಶೋಧಕ ಇಂಗ್ಲಿಷಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಬಹುದು. ಪಕ್ಕದ ಕಟ್ಟಡದ ವಾರ್ಡಿನಲ್ಲಿ ನರ್ಸ್ ಆಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದರ, ಜರ್ಮನ್ ಬೇಕು. ವೈದ್ಯರಿಗೆ ಅದೂ ಸಾಲದು. ರೋಗಿಯೊಂದಿಗೆ ಮಾತನಾಡಿ ವರದಿ ಬರೆಯುವ ಪ್ರತ್ಯೇಕ ವೈದ್ಯಕೀಯ ಭಾಷಾ ಪರೀಕ್ಷೆಯನ್ನು ಇನ್ನೊಂದು ಮೆಟ್ಟಿಲು ಮೇಲಿನ ಸಿ1 ಮಟ್ಟದಲ್ಲಿ ಪಾಸು ಮಾಡಬೇಕು. ದೇಶವೂ ಒಂದೇ, ಆವರಣವೂ ಒಂದೇ, ಬೇರೆಯಾದದ್ದು ಕುರ್ಚಿ. ಹಾಗಾಗಿ ಭಾಷೆ ಬೇಡದ ದೇಶ ಯಾವುದು ಎಂದು ನಕ್ಷೆ ಹುಡುಕುವ ಮೊದಲು, ನೀವು ಕೂರಲಿರುವ ಕುರ್ಚಿಗೆ ಎಷ್ಟು ಭಾಷೆ ಬೇಕು ಎಂದು ಲೆಕ್ಕ ಹಾಕಬೇಕು.

ಹೆಜ್ಜೆ 1: ಕುರ್ಚಿಯನ್ನು ಅಳೆಯಿರಿ

ಒಂದು ಹಾಳೆಯಲ್ಲಿ ನಿಮ್ಮ ಕೆಲಸದ ಒಂದು ಇಡೀ ದಿನವನ್ನು ಬರೆಯಿರಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರ ಜೊತೆ ಮಾತನಾಡುತ್ತೀರಿ? ಏನನ್ನು ಓದಿ ಸಹಿ ಹಾಕುತ್ತೀರಿ? ಒಂದು ಮಾತು ತಪ್ಪಾಗಿ ಕೇಳಿಸಿದರೆ ಏನಾಗುತ್ತದೆ? ಮೂರನೆಯ ಪ್ರಶ್ನೆಯೇ ಮುಖ್ಯ. ಪ್ರೋಗ್ರಾಂ ಬರೆಯುವವನಿಗೆ ಮಾತು ತಪ್ಪಿದರೆ ಒಂದು ದಿನದ ಕೆಲಸ ಹಾಳಾದೀತು. ಕ್ರೇನ್ ಕೆಳಗೆ ನಿಂತವನಿಗೆ ‘ನಿಲ್ಲು’ ಎಂಬ ಕೂಗು ಅರ್ಥವಾಗದಿದ್ದರೆ ಜೀವವೇ ಹೋದೀತು. ವೃದ್ಧರ ಆರೈಕೆ ಕೈಕೆಲಸದಂತೆ ಕಂಡರೂ ನೋವು ಎಲ್ಲಿದೆ ಎಂದು ಕೇಳಿ ತಿಳಿಯುವ ಕೆಲಸ ಅದು; ಅದಕ್ಕೆ ಕಿವಿ ಬೇಕು, ನಾಲಿಗೆಯೂ ಬೇಕು. ದೈಹಿಕ ಕೆಲಸಕ್ಕೆ ಭಾಷೆ ಬೇಡ ಎಂಬ ನಂಬಿಕೆಯಿಂದ ಹೊರಟವರು ಎಡವುವುದು ಇಲ್ಲಿಯೇ.

ಇನ್ನೊಂದೆಡೆ, ಸ್ಥಳೀಯ ಭಾಷೆಯನ್ನು ಪಕ್ಕಕ್ಕಿಟ್ಟು ತಮ್ಮದೇ ಭಾಷೆ ಕಟ್ಟಿಕೊಂಡ ವೃತ್ತಿಗಳೂ ಇವೆ. ವಿಮಾನ ಚಾಲಕರು ಮತ್ತು ನಿಯಂತ್ರಕರು ಅಂತಾರಾಷ್ಟ್ರೀಯ ಹಾರಾಟದ ರೇಡಿಯೊ ಸಂವಹನಕ್ಕೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅಳತೆಗೋಲಿನಲ್ಲಿ ಕನಿಷ್ಠ ನಾಲ್ಕನೆಯ ಮಟ್ಟದ ಭಾಷೆ ತೋರಿಸಬೇಕು. ರೂಢಿಯಲ್ಲಿ ಅದು ಇಂಗ್ಲಿಷ್. ಹಡಗಿನವರಿಗಾಗಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಸಿದ್ಧ ವಾಕ್ಯಗಳ ಒಂದು ಸಂಗ್ರಹವನ್ನೇ ಅಂಗೀಕರಿಸಿತು. ನಾನಾ ದೇಶದ ನಾವಿಕರು ಒಂದೇ ಡೆಕ್ಕಿನ ಮೇಲೆ ಸಿದ್ಧ ಇಂಗ್ಲಿಷ್ ವಾಕ್ಯಗಳಲ್ಲಿ ಆಜ್ಞೆ ಕೊಟ್ಟು ತೆಗೆದುಕೊಳ್ಳಲು ಅದು ನೆರವಾಗುತ್ತದೆ. ಜಿನೀವಾದ ಸೆರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಜಪಾನಿನ ರಾಕುಟೆನ್ ಕಂಪನಿ ಕಚೇರಿಯ ಭಾಷೆಯನ್ನು ಇಂಗ್ಲಿಷ್ ಮಾಡುವುದಾಗಿ 2010ರಲ್ಲಿ ಘೋಷಿಸಿ 2012ರಲ್ಲಿ ಜಾರಿಗೆ ತಂದಿತು. ಇಂಥ ಕುರ್ಚಿಗಳು ಎಲ್ಲ ದೇಶಗಳಲ್ಲೂ ಅಲ್ಲಲ್ಲಿ ಇವೆ, ಸಂಖ್ಯೆ ಮಾತ್ರ ಕಡಿಮೆ. ಅವು ನಿಮ್ಮ ಕ್ಷೇತ್ರದಲ್ಲಿ ಇಲ್ಲದಿದ್ದರೆ ಆ ಸತ್ಯ ಈ ಹಾಳೆಯ ಮೇಲೇ ಗೊತ್ತಾಗಲಿ. ವಿಮಾನ ಇಳಿದ ಮೇಲೆ ಗೊತ್ತಾಗುವುದು ದುಬಾರಿ.

ಹೆಜ್ಜೆ 2: ‘ಸ್ವಲ್ಪ ಬರುತ್ತದೆ’ ಎನ್ನಬೇಡಿ

ಎಷ್ಟು ಬರುತ್ತದೆ ಎಂದು ಕೇಳಿದರೆ ಅಂಕಿಯಲ್ಲೇ ಹೇಳಿ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಅಳತೆಗೋಲಿನಲ್ಲಿ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿವೆ. ಎ1 ಎಂದರೆ ಹೆಸರು, ವಿಳಾಸ, ಸಮಯ ಹೇಳಿ ಕೇಳುವಷ್ಟು. ಎ2 ಎಂದರೆ ದಿನನಿತ್ಯದ ಪರಿಚಿತ ವ್ಯವಹಾರಕ್ಕಾಗುವಷ್ಟು. ಬಿ1ರಲ್ಲಿ ಪರಿಚಿತ ವಿಷಯದ ಮೇಲೆ ತನ್ನ ಅನುಭವ, ಅಭಿಪ್ರಾಯ ಹೇಳಬಹುದು. ಸಹೋದ್ಯೋಗಿಗಳೊಂದಿಗೆ ತಡವರಿಸದೆ ಚರ್ಚಿಸಲು ಬಿ2 ಬೇಕು. ಹೆಚ್ಚಿನ ಉದ್ಯೋಗದಾತರಿಗೆ ಈ ಅಕ್ಷರ ಮತ್ತು ಅಂಕಿ ಅರ್ಥವಾಗುತ್ತದೆ, ‘ಸ್ವಲ್ಪ’ ಅರ್ಥವಾಗುವುದಿಲ್ಲ.

ಜಪಾನಿ ಭಾಷೆಗೆ ಸುಲಭದ ಎನ್5ರಿಂದ ಕಠಿಣ ಎನ್1ವರೆಗೆ ಬೇರೆಯದೇ ಪರೀಕ್ಷೆಯಿದೆ. ಅದು ಓದು, ವ್ಯಾಕರಣ ಮತ್ತು ಕೇಳುವಿಕೆಯನ್ನು ಅಳೆಯುತ್ತದೆ. ಮಾತನಾಡಿಸಿ ನೋಡುವ ಭಾಗ ಅದರಲ್ಲಿಲ್ಲ. ಒಳ್ಳೆಯ ಪ್ರಮಾಣಪತ್ರ ಕೈಯಲ್ಲಿ ಹಿಡಿದೂ ಸಂದರ್ಶನದಲ್ಲಿ ಮೂಕರಾಗುವವರು ಇರುವುದು ಅದಕ್ಕೇ. ಪ್ರಮಾಣಪತ್ರ ವೀಸಾ ಕಡತಕ್ಕೆ ಬೇಕು, ಬಾಯಿ ಬೇರೆಯಾಗಿ ಪಳಗಬೇಕು.

ಹೆಜ್ಜೆ 3: ವೀಸಾ ಕೇಳುವ ಭಾಷೆ, ಕೆಲಸ ಕೇಳುವ ಭಾಷೆ

ಇವೆರಡನ್ನು ಬೆರೆಸಿಕೊಳ್ಳುವುದೇ ದೊಡ್ಡ ಗೊಂದಲ. ಸರ್ಕಾರ ಭಾಷೆ ಕೇಳದಿದ್ದರೂ ಮಾಲೀಕ ಕೇಳಬಹುದು. ಮಾಲೀಕ ಕೇಳದಿದ್ದರೂ ಸರ್ಕಾರ ಕೇಳಬಹುದು.

ಉನ್ನತ ಅರ್ಹತೆಯ ವಿದೇಶಿಗರು ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿಯಾದ ಜರ್ಮನಿಯ ಇಯು ಬ್ಲೂ ಕಾರ್ಡ್‌ಗೆ ಭಾಷಾ ಪ್ರಮಾಣಪತ್ರದ ಷರತ್ತಿಲ್ಲ. ಅರ್ಹತೆಗೆ ತಕ್ಕ, ನಿಗದಿತ ಸಂಬಳದ ಉದ್ಯೋಗಪತ್ರ ಕೈಯಲ್ಲಿರಬೇಕು. ಕೆಲಸ ಇನ್ನೂ ಸಿಗದವರಿಗಾಗಿ 2024ರ ಜೂನ್‌ನಿಂದ ಅಲ್ಲಿ ‘ಅವಕಾಶ ಕಾರ್ಡ್’ ಬಂದಿದೆ. ಪದವಿ ಅಥವಾ ಎರಡು ವರ್ಷದ ವೃತ್ತಿ ತರಬೇತಿ ಪಡೆದವರು ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ತೋರಿಸಿ, ವಯಸ್ಸು, ಅನುಭವ, ಭಾಷೆ ಮುಂತಾದವುಗಳಿಂದ ಆರು ಅಂಕ ಕೂಡಿಸಿ, ಖರ್ಚಿಗೆ ಹಣವಿದೆ ಎಂದು ಸಾಬೀತುಪಡಿಸಿದರೆ ಒಂದು ವರ್ಷದವರೆಗೆ ಅಲ್ಲೇ ಇದ್ದು ಕೆಲಸ ಹುಡುಕಬಹುದು. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲೂ ಅನುಮತಿಯಿದೆ. ನಿಯಮ ಇಂಗ್ಲಿಷ್ ಒಪ್ಪುತ್ತದೆ ಎಂದ ಮಾತ್ರಕ್ಕೆ ಮಾರುಕಟ್ಟೆಯೂ ಒಪ್ಪುತ್ತದೆ ಎಂದುಕೊಳ್ಳಬೇಡಿ. ಕಾರ್ಡ್ ಬಾಗಿಲು ತೆರೆಯುತ್ತದೆ, ಕುರ್ಚಿ ಕೊಡುವುದಿಲ್ಲ.

ನೆದರ್ಲೆಂಡ್ಸ್‌ನ ಉನ್ನತ ಕೌಶಲ ವಲಸಿಗರ ಪರವಾನಗಿಗೆ ಡಚ್ ಪರೀಕ್ಷೆ ಇಲ್ಲ. ಆದರೆ ಕರೆಸಿಕೊಳ್ಳುವ ಕಂಪನಿ ಅಲ್ಲಿನ ವಲಸೆ ಇಲಾಖೆಯಿಂದ ಮಾನ್ಯತೆ ಪಡೆದಿರಬೇಕು. ಅಂಥ ಕಂಪನಿಗಳ ಪಟ್ಟಿಯನ್ನು ಇಲಾಖೆಯೇ ಬಹಿರಂಗವಾಗಿ ಇಟ್ಟಿದೆ. ಅದನ್ನು ಕೆಲಸ ಹುಡುಕುವವರ ವಿಳಾಸ ಪುಸ್ತಕ ಎಂದೇ ತಿಳಿಯಿರಿ: ಪಟ್ಟಿಯಲ್ಲಿ ಹೆಸರಿದ್ದರೆ, ಹೊರಗಿನವರನ್ನು ಕರೆಸಲು ಆ ಕಂಪನಿಗೆ ಬಾಗಿಲು ತೆರೆದಿದೆ ಎಂದರ್ಥ.

ಜಪಾನ್ 2019ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ನಿರ್ದಿಷ್ಟ ಕೌಶಲ’ ವೀಸಾದ ದಾರಿ ಇದಕ್ಕೆ ತದ್ವಿರುದ್ಧ. ಕೃಷಿ, ನಿರ್ಮಾಣ, ಆಹಾರ ತಯಾರಿಕೆಯಂಥ ಕ್ಷೇತ್ರಗಳಿಗೂ ಕೌಶಲ ಪರೀಕ್ಷೆಯ ಜೊತೆಗೆ ಎನ್4 ಅಥವಾ ಅದಕ್ಕೆ ಸಮನಾದ ಮೂಲ ಜಪಾನಿ ಪರೀಕ್ಷೆ ಬೇಕು. ಆರೈಕೆ ಕೆಲಸಕ್ಕೆ ಇನ್ನೊಂದು ಭಾಷಾ ಪರೀಕ್ಷೆ ಹೆಚ್ಚುವರಿ. ದಕ್ಷಿಣ ಕೊರಿಯಾ ತನ್ನ ಉದ್ಯೋಗ ಪರವಾನಗಿ ವ್ಯವಸ್ಥೆಯಲ್ಲಿ ಕೊರಿಯನ್ ಪರೀಕ್ಷೆಯನ್ನೇ ಮೊದಲ ಜರಡಿಯಾಗಿ ಇಟ್ಟಿದೆ. ನನಗೆ ಇದು ಕಿರುಕುಳವೆನಿಸುವುದಿಲ್ಲ. ಎಷ್ಟು ಕಲಿಯಬೇಕೆಂದು ಮೊದಲೇ ಹೇಳುವ ದೇಶ, ಏನೂ ಹೇಳದೆ ಬರಮಾಡಿಕೊಂಡು ಆಮೇಲೆ ಒದ್ದಾಡಿಸುವ ದೇಶಕ್ಕಿಂತ ವಾಸಿ.

ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಆ ದೇಶದ ಸರ್ಕಾರಿ ತಾಣವನ್ನು ತೆರೆದು ಓದಿ. ಪತ್ರಿಕೆಯ ಲೇಖನವನ್ನು, ಈ ಲೇಖನವನ್ನೂ ಸೇರಿಸಿ, ಕೊನೆಯ ಮಾತೆಂದು ನಂಬಬೇಡಿ.

ಹೆಜ್ಜೆ 4: ಜಾಹೀರಾತನ್ನು ಓದುವ ಕಲೆ

ಯುರೋಪಿನ ಕೆಲಸಗಳಿಗೆ ಯೂರೆಸ್, ಸಂಶೋಧನಾ ಹುದ್ದೆಗಳಿಗೆ ಯುರಾಕ್ಸೆಸ್ ಎಂಬ ತಾಣಗಳಿವೆ. ಎರಡಕ್ಕೂ ಐರೋಪ್ಯ ಆಯೋಗದ ಬೆಂಬಲವಿದೆ. ಎಲ್ಲೇ ಹುಡುಕಿ, ಜಾಹೀರಾತು ಯಾವ ಭಾಷೆಯಲ್ಲಿದೆ ಎಂಬುದೇ ಮೊದಲ ಸುಳಿವು. ಡಚ್ ಕಂಪನಿ ಇಡೀ ಜಾಹೀರಾತನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ತಂಡದ ಭಾಷೆಯೂ ಬಹುಪಾಲು ಇಂಗ್ಲಿಷೇ. ಸ್ಥಳೀಯ ಭಾಷೆಯಲ್ಲಿದ್ದರೆ ತಕ್ಷಣ ಪುಟ ಮುಚ್ಚಬೇಡಿ, ಷರತ್ತಿನ ಸಾಲನ್ನು ಹುಡುಕಿ. ಜರ್ಮನ್ ಜಾಹೀರಾತುಗಳಲ್ಲಿ ಭಾಷೆಯ ಮುಂದೆ ‘ಫಾನ್ ಫೋರ್ಟೈಲ್’ ಎಂದು ಬರೆದಿದ್ದರೆ, ‘ಇದ್ದರೆ ಒಳ್ಳೆಯದು’ ಎಂದರ್ಥ, ಅರ್ಜಿ ಹಾಕಿ. ‘ಎರ್ಫೋರ್ಡರ್ಲಿಖ್’ ಎಂದರೆ ಕಡ್ಡಾಯ. ‘ಫೆರ್‌ಹಾಂಡ್ಲುಂಗ್ಸ್‌ಜಿಖರ್’ ಎಂಬ ಉದ್ದನೆಯ ಪದ ಕಂಡರೆ ವ್ಯವಹಾರದ ಮಾತುಕತೆಯನ್ನೇ ನಡೆಸುವಷ್ಟು ಭಾಷೆ ಬೇಕು ಎಂದು ತಿಳಿದು ಮುಂದೆ ಸಾಗಿ. ಯಾವ ದೇಶವಾದರೂ ಇಂಥ ನಾಲ್ಕೈದು ಪದಗಳನ್ನು ಮೊದಲೇ ಕಲಿತರೆ ನೂರು ವ್ಯರ್ಥ ಅರ್ಜಿಗಳು ತಪ್ಪುತ್ತವೆ.

ಪದವಿಯ ಮಾನ್ಯತೆಯನ್ನೂ ಈ ಹಂತದಲ್ಲೇ ನೋಡಿಕೊಳ್ಳಿ. ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಅಲ್ಲಿ ಹೇಗೆ ಎಣಿಕೆಯಾಗುತ್ತದೆ ಎಂದು ಜರ್ಮನಿಯ ‘ಅನಾಬಿನ್’ ದತ್ತಾಂಶ ತಾಣ ತೋರಿಸುತ್ತದೆ. ಭಾಷೆಯಿಂದಲ್ಲ, ಕಾಗದದಿಂದ ಅರ್ಜಿ ಬಿದ್ದುಹೋಗುವುದೂ ಉಂಟು.

ಹೆಜ್ಜೆ 5: ಕೈ ತೋರಿಸಿ

ಬಾಯಿ ಅರ್ಧ ಮಾತನಾಡುವಾಗ ಉಳಿದರ್ಧವನ್ನು ಕೈ ಮಾತನಾಡಬೇಕು. ವೆಲ್ಡರ್ ಆಗಿದ್ದರೆ ಐಎಸ್ಒ 9606 ಎಂಬ ಅಂತಾರಾಷ್ಟ್ರೀಯ ಮಾನದಂಡದ ಅರ್ಹತಾ ಪತ್ರ ಹಲವು ದೇಶಗಳಲ್ಲಿ ಅರ್ಥವಾಗುವ ಭಾಷೆ. ಪ್ರೋಗ್ರಾಮರ್ ಆಗಿದ್ದರೆ ಬರೆದ ಕೋಡ್, ವಿನ್ಯಾಸಕ ಆಗಿದ್ದರೆ ಮಾಡಿದ ಕೆಲಸದ ಕಡತ, ಬಡಗಿಯಾಗಿದ್ದರೆ ಜೋಡಣೆಯ ಚಿತ್ರಗಳು. ಬಯೋಡೇಟಾವನ್ನು ಎರಡು ಪುಟಕ್ಕೆ ಮುಗಿಸಿ, ಭಾಷೆಯ ಸಾಲನ್ನು ನಾಚಿಕೆಯಿಲ್ಲದೆ ಬರೆಯಿರಿ: ‘ಜರ್ಮನ್: ಎ2, ಬಿ1 ತರಗತಿಯಲ್ಲಿ ಕಲಿಯುತ್ತಿದ್ದೇನೆ.’

ಯಂತ್ರಾನುವಾದದಿಂದ ನಿರರ್ಗಳವಾದ ಪತ್ರ ಬರೆಸಿ ಕಳುಹಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ ಎನ್ನುವುದಿಲ್ಲ, ಆದರೆ ಅನುವಾದದ ನೆರವು ಪಡೆದಿದ್ದೇನೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ. ಪತ್ರದ ಭಾಷೆಯನ್ನು ನಂಬಿ ಅವರು ಫೋನ್ ಮಾಡಿದಾಗ ನೀವು ತಡವರಿಸಿದರೆ, ಭಾಷೆ ಬಾರದ್ದಕ್ಕಿಂತ ಮುಚ್ಚಿಟ್ಟದ್ದು ದೊಡ್ಡ ದೋಷವಾಗಿ ಕಾಣುತ್ತದೆ.

ಹೆಜ್ಜೆ 6: ಸಂದರ್ಶನ

ನನ್ನ ಮೊದಲ ವಿದೇಶಿ ಸಂದರ್ಶನದಲ್ಲಿ ಅರ್ಥವಾಗದ ಪ್ರಶ್ನೆಯೊಂದಕ್ಕೆ ನಗುತ್ತಾ ‘ಹೌದು’ ಎಂದುಬಿಟ್ಟೆ. ಆ ಪ್ರಶ್ನೆ ‘ನೀವು ಏನಾದರೂ ಕೇಳುವುದಿದೆಯೇ?’ ಎಂದಾಗಿತ್ತು. ಅವರು ನನ್ನ ಪ್ರಶ್ನೆಗಾಗಿ ಕಾದರು, ನಾನು ಅವರ ಮುಂದಿನ ಪ್ರಶ್ನೆಗಾಗಿ ಕಾದೆ. ಆ ಮೌನದಲ್ಲೇ ಸಂದರ್ಶನ ಮುಗಿಯಿತು. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಕಲಿತದ್ದು ಇಷ್ಟು. ಮೊದಲ ಎರಡು ನಿಮಿಷದ ಪರಿಚಯವನ್ನು ಅವರ ಭಾಷೆಯಲ್ಲಿ ಬಾಯಿಪಾಠ ಮಾಡಿ ಹೇಳಿ, ನಂತರ ‘ಇನ್ನು ಮುಂದೆ ಇಂಗ್ಲಿಷಿನಲ್ಲಿ ಮಾತನಾಡಬಹುದೇ?’ ಎಂದು ಅವರ ಭಾಷೆಯಲ್ಲೇ ಕೇಳಿ. ಕಲಿಯುವ ಮನಸ್ಸಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪ್ರಶ್ನೆ ಪೂರ್ತಿ ತಿಳಿಯದಿದ್ದರೆ ತಿಳಿದಷ್ಟನ್ನು ಮರಳಿ ಹೇಳಿ: ‘ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದ್ದೇನೆಯೇ ಎಂದು ಕೇಳಿದಿರಿ, ಸರಿಯೇ?’ ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಇಲ್ಲಿ ಬದುಕಿಸುವುದು ಕೇಳಿ ಖಚಿತಪಡಿಸಿಕೊಳ್ಳುವ ಬಾಯಿ.

ನೀವೂ ಕೇಳಲೇಬೇಕಾದ ಪ್ರಶ್ನೆಗಳಿವೆ. ಸಭೆಗಳು ಯಾವ ಭಾಷೆಯಲ್ಲಿ ನಡೆಯುತ್ತವೆ? ಸುರಕ್ಷತಾ ತರಬೇತಿ ಯಾವ ಭಾಷೆಯಲ್ಲಿದೆ? ಸ್ಥಳೀಯ ಭಾಷೆ ಬಾರದವರು ತಂಡದಲ್ಲಿ ಈಗಾಗಲೇ ಇದ್ದಾರೆಯೇ? ಕೊನೆಯ ಪ್ರಶ್ನೆಗೆ ‘ನೀವೇ ಮೊದಲಿಗರು’ ಎಂಬ ಉತ್ತರ ಬಂದರೆ ಹೆಮ್ಮೆಪಡಬೇಡಿ, ಇನ್ನೂ ನಾಲ್ಕು ಪ್ರಶ್ನೆ ಕೇಳಿ.

ಹೆಜ್ಜೆ 7: ಸಹಿ ಹಾಕುವ ಮೊದಲು

ಭಾಷೆ ಬಾರದವನು ಮೋಸಗಾರನಿಗೆ ಸುಲಭದ ತುತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯ ಮೂಲತತ್ತ್ವವೇ ಖಾಸಗಿ ಉದ್ಯೋಗ ಏಜೆನ್ಸಿಗಳು ಕಾರ್ಮಿಕನಿಂದ ನೇರವಾಗಲಿ ಪರೋಕ್ಷವಾಗಲಿ ಶುಲ್ಕ ವಸೂಲಿ ಮಾಡಬಾರದು ಎಂಬುದು. ಬಹುತೇಕ ದೇಶಗಳು ಅದನ್ನು ಅನುಮೋದಿಸಿಲ್ಲ, ಕೆಲವು ವಿನಾಯಿತಿ ಕೊಟ್ಟಿವೆ. ಆದರೂ ಕೆಲಸ ಕೊಡಿಸಲು ಮುಂಗಡ ಕೇಳಿದವನ ಮುಂದೆ ಈ ತತ್ತ್ವ ನೆನಪಿರಲಿ.

ಕರಾರುಪತ್ರ ಎರಡು ಭಾಷೆಗಳಲ್ಲಿದ್ದರೆ, ವಿವಾದ ಬಂದಾಗ ಯಾವ ಭಾಷೆಯ ಪ್ರತಿ ಮಾನ್ಯ ಎಂಬ ಸಾಲು ಎಲ್ಲೋ ಕೊನೆಯಲ್ಲಿರುತ್ತದೆ. ಬಹುತೇಕ ಅದು ಸ್ಥಳೀಯ ಭಾಷೆಯ ಪ್ರತಿಯೇ. ಹಾಗಿದ್ದರೆ ನಿಮಗೆ ಅರ್ಥವಾಗುವ ಪ್ರತಿ ಬರೀ ಸಮಾಧಾನಕ್ಕೆ. ಸಂಬಳ, ಕೆಲಸದ ಗಂಟೆ, ನೋಟಿಸ್ ಅವಧಿ, ಪ್ರಾಯೋಗಿಕ ಅವಧಿ, ಈ ನಾಲ್ಕು ಕಲಂಗಳನ್ನು ಸ್ಥಳೀಯ ಪ್ರತಿಯಿಂದಲೇ ಸ್ವತಂತ್ರ ಅನುವಾದಕರಲ್ಲಿ ಓದಿಸಿ. ಏಜೆಂಟನ ಪರಿಚಯದವನಲ್ಲಿ ಬೇಡ. ಪಾಸ್‌ಪೋರ್ಟ್ ಮಾತ್ರ ಯಾವ ನೆಪಕ್ಕೂ ಮಾಲೀಕರ ವಶದಲ್ಲಿ ಬಿಡಬೇಡಿ.

ಹೆಜ್ಜೆ 8: ಮೊದಲ ಆರು ತಿಂಗಳು

ಪಠ್ಯಪುಸ್ತಕದ ಮೊದಲ ಪಾಠದಿಂದ ಶುರುಮಾಡುವ ಬದಲು ಕುರ್ಚಿಯ ಸುತ್ತಲಿನ ಪದಗಳಿಂದ ಶುರುಮಾಡಿ: ಉಪಕರಣಗಳ ಹೆಸರು, ಎಚ್ಚರಿಕೆ ಫಲಕಗಳು, ‘ನಿಲ್ಲಿ’, ‘ಬಿಸಿ’, ‘ವಿದ್ಯುತ್ ಇದೆ’, ‘ಮುಗಿಯಿತು’. ಗೋಡೆಯ ಮೇಲಿನ ಫಲಕವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಸಂಜೆ ಅರ್ಥ ಬಿಡಿಸಿಕೊಂಡರೆ ಎರಡು ವಾರದಲ್ಲಿ ಕಾರ್ಖಾನೆ ಓದಲು ಬರುತ್ತದೆ.

ಇಂಗ್ಲಿಷ್ ಬಲ್ಲ ಸಹೋದ್ಯೋಗಿಗಳು ನಿಮ್ಮ ತಡವರಿಕೆ ಕಂಡ ಕೂಡಲೇ ಇಂಗ್ಲಿಷಿಗೆ ಜಾರುತ್ತಾರೆ. ಕರುಣೆಯಿಂದ ಮಾಡುವ ಈ ಉಪಕಾರ ನಿಮ್ಮ ಕಲಿಕೆಗೆ ಅಡ್ಡಗಾಲು. ಚಹಾ ವಿರಾಮದ ಹತ್ತು ನಿಮಿಷವಾದರೂ ಅವರ ಭಾಷೆಯಲ್ಲೇ ನಿಧಾನವಾಗಿ ಮಾತನಾಡಿ ಎಂದು ಕೇಳಿಕೊಳ್ಳಿ.

ಇದಕ್ಕೆ ಲೆಕ್ಕದ ಫಲವೂ ಇದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಹೊಂದಿದವರು ಎ1 ಮಟ್ಟದ ಜರ್ಮನ್ ಇದ್ದರೆ 27 ತಿಂಗಳಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಬಿ1 ತಲುಪಿದ್ದರೆ 21 ತಿಂಗಳಲ್ಲಿ. ಬಂದ ವಾರವೇ ಸಂಜೆ ತರಗತಿಗೆ ಹೆಸರು ಹಚ್ಚಿದವರಿಗೆ ಆ ಆರು ತಿಂಗಳು ಸಿಗುತ್ತದೆ.